ಮುಂದಿನ ಸೀಟು

ಆ ದಿನಗಳಲ್ಲಿ ಕಮಲಾಪುರದ ಬಿಸಿಲಿಗೆ ಕಾಗೆಗಳು ಕೂಡ ನಡೆದುಕೊಂಡೇ ಓಡಾಡುತ್ತಿದ್ದವು. ಸುಳ್ಳಲ್ಲ, ಒಂದು ಕಾಗೆಯನ್ನು ನಾನೇ ನೋಡಿದ್ದೇನೆ. ಆಗ ನನಗೆ ಏಳನೇ ಕ್ಲಾಸಿನ ಬೇಸಿಗೆ ಸೂಟಿ. ಈಗ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಅದು ಯಾವುದೋ ರಾಜರ ಕಾಲ ಅನ್ನಿಸುತ್ತದೆ.

ಕಲಬುರಗಿಯಿಂದ ನನ್ನ ಜೊತೆ ಗೆಳೆಯ ಕರೀಮನೂ ಬಂದಿದ್ದ. ಅವನ ಅಬ್ಬಾನದು ಅಲ್ಲಿನ ಮೋಮಿನಪುರದಲ್ಲಿ ಗ್ಯಾರೇಜು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಇಬ್ಬರಿಗೂ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಹಾಕಿ, ಮೇಲೆ ತೋಟದ ಕೆಂಪು ಬಾಳೆಹಣ್ಣು ಕೊಡುತ್ತಿದ್ದಳು. ಒಂದೊಂದು ಹಣ್ಣು ನನ್ನ ತೋಳಿನಷ್ಟು ದಪ್ಪ. ನನ್ನ ತೋಳು ಎಷ್ಟು ದಪ್ಪ ಎಂದು ಮಾತ್ರ ಕೇಳಬೇಡಿ.

ಆ ಬಾಳೆತೋಟದ ಹಿಂದೆಯೇ ಅಜ್ಜನ, ನಮ್ಮ ಬಾಯಲ್ಲಿ ಮುತ್ಯಾನ, ಕಾರು ಬಿದ್ದಿತ್ತು. ಮುತ್ಯಾ ತೀರಿಕೊಂಡ ಮೇಲೆ ಅದು ಅಲುಗಿರಲಿಲ್ಲ. ಸ್ಟೇರಿಂಗಿನಲ್ಲಿ ಜೇಡ, ಡಿಕ್ಕಿಯಲ್ಲಿ ಕಾವಿಗೆ ಕೂತ ಕೋಳಿ, ಬಾನೆಟ್ಟಿನ ಸಂದಿಯಿಂದ ತಲೆ ಹಾಕಿದ ಒಂದು ಬೇವಿನ ಸಸಿ. ಹಿಂದಿನ ಸೀಟಿನ ಮೇಲೆ ಆಯಿ ಹುಲ್ಲು ಹಾಸಿ, ಗಾಜು ಏರಿಸಿ, ಬಾಳೆಗೊನೆ ಹಣ್ಣಿಗೆ ಹಾಕುತ್ತಿದ್ದಳು. ಬಾಗಿಲು ತೆಗೆದರೆ ಹಳೇ ರೆಗ್ಜಿನ್ನು, ಕೋಳಿಪುಕ್ಕ, ಮಾಗಿದ ಹಣ್ಣು ಮೂರೂ ಸೇರಿದ ಸಿಹಿ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು.

ಅಪ್ಪನ ತಮ್ಮ, ನಮ್ಮ ಕಾಕಾ, ಅದನ್ನು ಗುಜರಿಯವನಿಗೆ ಕೊಡಲು ಮಾತಾಡಿಬಿಟ್ಟಿದ್ದ. ಅಷ್ಟರಲ್ಲಿ ಕರೀಮ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅದರಲ್ಲಿ ಇಂಥದೇ ಹಳೇ ಕಾರು, ಬಾನೆಟ್ಟಿಲ್ಲದೆ ಎಂಜಿನ್ನು ತೋರಿಸಿಕೊಂಡು, ಹಿಂದೆ ದಪ್ಪ ಗಾಲಿ ಹಾಕಿಕೊಂಡು, ರಾಕ್ಷಸನಂತೆ ಓಡುತ್ತಿತ್ತು.

“ಕಾಕಾ, ಇದನ್ನ ಹಾಟ್ ರಾಡ್ ಮಾಡ್ತೇವ್ರಿ,” ಅಂದೆ.

“ಹಂಗಂದ್ರ ಏನಲೇ? ಕಾಸಿದ ಸಲಾಕಿ?”

“ಅರೆ ಚಾಚಾ, ಹಳಿ ಗಾಡಿಗಿ ಜವಾನಿ ಕೊಡೋದ್ರಿ,” ಎಂದ ಕರೀಮ.

“ಮೊದ್ಲ ನಿನ್ನ ಸೈಕಲ್ಲಿಗಿ ಬ್ರೇಕ್ ಕೊಡಪಾ.”

ಒಲೆಯ ಮುಂದಿನಿಂದಲೇ ಆಯಿ ಕೂಗಿದಳು: “ಗುಜರಿಗಿ ಬ್ಯಾಡ, ಹುಡುಗ್ರಿಗಿ ಕೊಡು. ಆದ್ರ ಮೊದ್ಲ ಸವಾರಿ ನಂದು. ಕಲಬುರಗಿ ಶರಣಬಸಪ್ಪನ ಗುಡಿತನಾ ಹೋಗ್ಬೇಕು.”

“ಸೂಟಿ ಮುಗಿಯೂದ್ರೊಳಗ ಓಡ್ಲಿಲ್ಲಂದ್ರ ಗುಜರಿಯಂವ ಬರ್ತಾನ, ನೋಡ್ರಿ ಮತ್ತ,” ಎಂದು ಕಾಕಾ ಬೆರಳು ತೋರಿಸಿದ.

ಶುಕ್ರವಾರ ಗ್ಯಾರೇಜಿಗೆ ರಜೆ. ನಮಾಜು ಮುಗಿಸಿ ಕರೀಮನ ಅಬ್ಬಾ ಬರುತ್ತಿದ್ದರು. ಕೆಟ್ಟುನಿಂತ ಟೆಂಪೋ ಒಂದರ ಎಂಜಿನ್ನು ತಂದು ಕೂರಿಸಿದರು. “ಬೇಟಾ, ಗಾಡಿ ಹಲ್ಕಾ ಮಾಡ್ರಿ, ಇಲ್ಲಂದ್ರ ಇದು ಎಳೆಂಗಿಲ್ಲ,” ಎಂದು ಹೇಳಿ ಹೋದರು. ಹೇಳಿದ್ದೇ ತಡ, ಗಾಡಿ ಹಗುರ ಮಾಡಲು ನಾವು ಕೈಗೆ ಸಿಕ್ಕಿದ್ದೆಲ್ಲ ಬಿಚ್ಚಿದೆವು. ಬಾನೆಟ್ಟು, ಮಡ್‌ಗಾರ್ಡು, ಡ್ರೈವರ್ ಪಕ್ಕದ ಸೀಟು. ವಿಡಿಯೋದ ಕಾರಿಗೂ ಪಕ್ಕದ ಸೀಟಿರಲಿಲ್ಲವಲ್ಲ! ಆ ಸೀಟು ಮೋಮಿನಪುರಕ್ಕೆ ಹೋಗಿ ಗ್ಯಾರೇಜಿನ ಗಿರಾಕಿಗಳಿಗೆ ಕುರ್ಚಿಯಾಯಿತು.

ಹಿಂದಿನ ಸೀಟನ್ನು ಮಾತ್ರ ಮುಟ್ಟಲಿಲ್ಲ. ಅದು ಆಯಿಯ ಜಾಗ. ಮುತ್ಯಾನ ಕಾಲದಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಹಿಂದೆ ಕೂತು, ಕಿಟಕಿಗೆ ಪರದೆ ಎಳೆದುಕೊಂಡು ಹೋಗುತ್ತಿದ್ದರಂತೆ. ಪರದೆಯ ಹಿತ್ತಾಳೆ ಸರಳು ಇನ್ನೂ ಇತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಕರೀಮನ ಅಮ್ಮಿ ಜರಿಯಂಚಿನ ಹಸಿರು ಪರದೆ ಹೊಲಿದುಕೊಟ್ಟರು. ಆಯಿ ರಾಣಿಯಂತೆ ಹೋಗಲಿ ಎಂದು.

ಸೂಟಿಯ ಕಡೇ ದಿನ ಆಯಿ ಇಳಕಲ್ ಸೀರೆಯುಟ್ಟು, ದೇವರಿಗೆಂದು ಬುಟ್ಟಿ ತುಂಬ ಕೆಂಪು ಬಾಳೆಹಣ್ಣು ಹಿಡಿದು ಬಂದಳು. ಕಾರನ್ನು ಒಂದು ಸುತ್ತು ಹಾಕಿ, ನೇರವಾಗಿ ಮುಂದಿನ ಎಡಬಾಗಿಲು ತೆಗೆದಳು. ಒಳಗೆ ಬರೀ ತಗಡು.

“ಇಲ್ಲಿನ ಸೀಟ್ ಎಲ್ಲದ?”

“ಆಯಿ, ನಿಂದು ಹಿಂದ ಅದ. ನೋಡಿಲ್ಲಿ, ಪರದಿ!”

ಆಯಿ ಪರದೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. “ಚಂದ ಹೊಲಿದಾರ,” ಎಂದಳು. ಆಮೇಲೆ ಮೆಲ್ಲಗೆ, “ಈ ಗಾಡ್ಯಾಗ ಭಾಳ ಕಡಿ ತಿರಗೀನಿ. ಒಮ್ಮೆನೂ ಮುಂದಿನ ದಾರಿ ಕಂಡಿಲ್ಲ. ಈ ಸಲ ನೋಡೋಣು ಅಂದಿದ್ದೆ.”

ನಾನು ಪರದೆಯನ್ನು ಸರಳಿನ ತುದಿಗೆ ಸರಿಸಿದೆ.

“ಅಮ್ಮಾ, ಮುಂದಿನ ಜುಮ್ಮಾಕ್ಕ ಸೀಟ್ ತರ್ತೀನ್ರಿ. ಆವಾಗ ಹೋಗೋಣ್ರಿ,” ಎಂದರು ಸ್ಟೇರಿಂಗ್ ಹಿಡಿದು ಕೂತಿದ್ದ ಕರೀಮನ ಅಬ್ಬಾ.

ಆಯಿ ಕಾಕಾನ ಕಡೆ ನೋಡಿದಳು. ಅವನು ಕೈಕಟ್ಟಿ ನಿಂತಿದ್ದ. “ಬ್ಯಾಡ. ಇವತ್ತ ಓಡ್ಲಿಲ್ಲಂದ್ರ ಗಾಡಿ ಹೋಗ್ತದ. ಹೊಡಿರಿ. ಹಿಂದ ಕೂಡೋದು ನನಗ ರೂಢಿ ಅದ.”

ನಾವಿಬ್ಬರು ಆಯಿಯ ಆಚೀಚೆ ಹತ್ತಿದೆವು. ಎಂಜಿನ್ನು ಹೊರಡಿಸಿದ ಸದ್ದಿಗೆ ಕಲಬುರಗಿಯ ಗೋರಿಗಳಲ್ಲಿ ಮಲಗಿದ ಸುಲ್ತಾನರೂ ಮಗ್ಗುಲು ಬದಲಿಸಿರಬೇಕು. ಕಾಕಾನೇ ಚಪ್ಪಾಳೆ ಹೊಡೆಯುತ್ತ ಹಿಂದೆ ಓಡಿಬಂದ. ಕಾರು ಉಳಿಯಿತು. ಊರು ದಾಟಿ ಸ್ವಲ್ಪ ದೂರ ಹೋಗಿ, ಹೊಗೆ ಬಿಟ್ಟು, ನಿಂತೂಹೋಯಿತು.

ಹಿಂದಿನಿಂದ ಬಸ್ಸು ಬಂತು. ಆಯಿ ಬುಟ್ಟಿ ಎತ್ತಿ ನಿಲ್ಲಿಸಿದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ. “ಬಾ ಆಯಿ, ಇಲ್ಲೇ ಕೂಡು,” ಎಂದು ಡ್ರೈವರು ತನ್ನ ಪಕ್ಕದ ಸೀಟಿನ ಹುಡುಗನನ್ನು ಎಬ್ಬಿಸಿದ. ಆ ದೊಡ್ಡ ಗಾಜಿನ ಹಿಂದಿನಿಂದ ಆಯಿ ನಮಗೊಂದು ಬಾಳೆಹಣ್ಣು ಬೀಸಿದಳು. ನಾವು ಕಾರು ತಳ್ಳುತ್ತ ಉಳಿದೆವು.

ಸಂಜೆ ತಿರುಗಿ ಬಂದವಳನ್ನು ಕೇಳಿದೆ, “ಹೆಂಗಿತ್ತು ಆಯಿ?”

“ದಾರಿ ಭಾಳ ಅಗಲ ಅದಲೇ ತಮ್ಮಾ,” ಎಂದಳು.

ದಸರೆ ಸೂಟಿಗೆ ಆ ಸೀಟನ್ನು ಗ್ಯಾರೇಜಿನಿಂದ ತಂದು, ಎಣ್ಣೆಯ ಕಲೆ ತೊಳೆದು, ಕೂರಿಸಿದೆವು. ಆಯಿ ಶ್ರಾವಣದಲ್ಲೇ ತೀರಿಹೋಗಿದ್ದಳು.

ಈಗ ಕಾರು ಕಲಬುರಗಿತನಕ ನಿಲ್ಲದೆ ಓಡುತ್ತದೆ. ವಿಮಾನವನ್ನೇ ಹಿಂದೆ ಹಾಕಿದೆ ಎಂದು ಗೆಳೆಯರಿಗೆ ಹೇಳುತ್ತೇನೆ. ಒಳಗಿನ ಬಾಳೆಹಣ್ಣಿನ ವಾಸನೆ ಮಾತ್ರ ಯಾವಾಗ ಆರಿತೋ ತಿಳಿಯಲಿಲ್ಲ. ರಸ್ತೆ ಅಗಲ ಮಾಡಿದ್ದಾರೆ. ಎಡಗಡೆಯ ಸೀಟಿನಿಂದ ಅದು ಪೂರ್ತಿ ಕಾಣುತ್ತದೆ.