ಬಾವಿ ನೋಡಲು ಬಂದ ಸಾಹೇಬರು

ಸಾರ್ವಜನಿಕ ಹಿತಕ್ಕಾಗಿ ಬಾಳು ಸವೆಸುವುದು ಮನುಷ್ಯಜನ್ಮದ ಪರಮ ಸಾರ್ಥಕತೆ. ಆದರೆ ಆ ಸಂಗತಿಯನ್ನು ಸಾರ್ವಜನಿಕರಿಗೂ ಕೊಂಚ ಬಿಡಿಸಿ ಹೇಳಿರಬೇಕು. ನಾನು ಹೇಳಿರಲಿಲ್ಲ.

ನಮ್ಮದು ಸವಣೂರಿನ ಶಾಸ್ತ್ರಪಾಠದ ಮನೆತನ. ಅಜ್ಜ ಮಠದಲ್ಲಿ ವಾದ ಮಾಡಿ ಗೆಲ್ಲುತ್ತಿದ್ದರಂತೆ. ನಾನು ಕರಿ ಕೋಟು ತೊಟ್ಟು ಸೋಲುವ ಪರಂಪರೆಗೆ ನಾಂದಿ ಹಾಡಿದೆ.

"ತಮ್ಮಾ, ಶಿಗ್ಗಾಂವಿ ಹೈವೇದಾಗ ದಿನಾ ಒಂದು ಗಾಡಿ ಬೀಳತೈತಿ. ಅಪಘಾತದ ಕೇಸ್ ಹಿಡಿ. ಊರ ಉದ್ಧಾರ ದೇವರು ನೋಡ್ಕೋತಾನ," ಎಂದು ನನ್ನ ಹಿರಿಯ ವಕೀಲರು ಎಚ್ಚರಿಸಿದ್ದರು.

ನಾನು ಹಿಡಿದದ್ದು ಹಾನಗಲ್ಲಿಗೂ ಹಿರೇಕೆರೂರಿಗೂ ನಡುವಿನ ಊರೊಂದರ ಓಣಿಯ ಬಾವಿಯನ್ನು. ಗಟಾರ ಒಡೆದು ಹೊಲಸು ನೀರು ಅದಕ್ಕೆ ಇಳಿಯುತ್ತಿತ್ತು. ಓಣಿಗೆ ಕುಡಿಯಲು ಬೇರೆ ನೀರಿರಲಿಲ್ಲ. ಓಣಿಯವರ ಪರವಾಗಿ ಪಂಚಾಯತಿಯ ಮೇಲೆ ನಾನು ಹೈಕೋರ್ಟಿಗೆ ಹಾಕಿದ ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದ ಮುದುಕಿಯ ಮೊಮ್ಮಗಳು ವಾಂತಿಭೇದಿಯಾಗಿ ಎರಡು ಸಲ ಸಾವಿನ ಬಾಗಿಲು ನೋಡಿ ಬಂದಿದ್ದಳು.

ಪಂಚಾಯತಿಯವರು ಹೈಕೋರ್ಟಿನಲ್ಲಿ, ಗಟಾರ ಸುಸ್ಥಿತಿಯಲ್ಲಿದೆ ಎಂದು ಪ್ರಮಾಣ ಮಾಡಿದರು. ಮೂರು ವರ್ಷ ತಾರೀಖಿನ ಮೇಲೆ ತಾರೀಖು. ಕೊನೆಗೆ ಕೋರ್ಟು, ಕಣ್ಣಾರೆ ಕಂಡು ವರದಿ ಕೊಡಲು ಕಮಿಷನರ್ ಒಬ್ಬರನ್ನು ನೇಮಿಸಿತು. ಮೂರು ವರ್ಷದ ವ್ಯಾಜ್ಯ ಇನ್ನು ಅವರ ಎರಡು ಕಣ್ಣಿನ ಮೇಲೆ ನಿಂತಿತ್ತು.

ನಾನು ಮುದುಕಿಗೆ ಫೋನು ಮಾಡಿ, "ಸೋಮವಾರ ಕೋರ್ಟಿನ ಸಾಹೇಬ್ರು ನಿಮ್ಮ ಓಣಿಗೆ ಬರ್ತಾರ್ರಿ ಅವ್ವಾ," ಎಂದೆ. ಅಷ್ಟೇ ಎಂದೆ.

ಸೋಮವಾರ ಹೋಗಿ ನೋಡಿದರೆ, ಓಣಿಯುದ್ದಕ್ಕೂ ಸಾರಿಸಿ ರಂಗೋಲಿ ಹಾಕಿದ್ದರು. ಗಟಾರದ ಕೆಸರೆಲ್ಲ ಬಳಿದು, ಒಡೆದ ಜಾಗಕ್ಕೆ ಉಸುಕಿನ ಚೀಲ ಒಟ್ಟಿದ್ದರು. ಬಾವಿಯನ್ನು ಎರಡು ಸಲ ಪಂಪು ಹಚ್ಚಿ ಬತ್ತಿಸಿ, ಹೊಸ ಊಟೆಯ ನೀರು ಬರಿಸಿದ್ದರು. ತಳದ ಕಲ್ಲು ಕಾಣುತ್ತಿತ್ತು.

"ಯವ್ವಾ, ಏನ್ ಮಾಡಿದ್ರಿ ಇದು!"

"ಮತ್ತ? ದೊಡ್ಡ ಮನಷ್ಯಾ ಬರೂಮುಂದ ಹೊಲಸು ತೋರಸ್ತಾರೇನ್ರಿ ವಕೀಲ್ರ? ಮೂರು ದಿನ ಯಾರೂ ಕೂಲಿಗೆ ಹೋಗಿಲ್ಲ. ನಿಮ್ಮ ಮಾನಾ ಉಳಿಸೇವಿ."

ಕಮಿಷನರ್ ಸಾಹೇಬರು ಕಟ್ಟೆಯ ಮೇಲೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದರು. ಶಾಸ್ತ್ರ, ಸಂವಿಧಾನ ಎರಡನ್ನೂ ಮರೆತು ನಾನು ಉಸುಕಿನ ಚೀಲ ಎಳೆಯಲು ಓಡಿದೆ. ಮುದುಕಿ ತೋಳು ಹಿಡಿದಳು.

"ಬಿಡ್ರಿ! ಉಣ್ಣೋ ಮಂದಿ ಮುಂದ ಗಟಾರ ಬಿಡ್ತೀರೇನು? ಕಲ್ತ ಮಂದಿಗೆ ಇಷ್ಟೂ ಖಬರಿಲ್ಲ!"

"ನಿಮ್ಮ ಮೊಮ್ಮಗಳ ಸಲುವಾಗಿ ಬೇಡ್ಕೋತೇನಿ, ಬಿಡ್ರಿ ಅವ್ವಾ," ಎಂದು ಅವಳ ಕಾಲು ಹಿಡಿದೆ. "ಸಾಹೇಬ್ರು ಕೈ ತೊಳೀಲಿ, ಆಮ್ಯಾಲ ನೋಡೂಣು," ಎಂದಳು.

ಸಾಹೇಬರು ಕೈ ತೊಳೆದು, ಅದೇ ಬಾವಿಯ ನೀರು ಒಂದು ತಂಬಿಗೆ ಕುಡಿದು, ಬಾಟಲಿಯಲ್ಲಿ ಮಾದರಿ ತುಂಬಿಕೊಂಡರು. ಇದು ಮೂರು ದಿನದ ಶೃಂಗಾರವೆಂದು ನಾನು ಕೈಮುಗಿದು ವಿವರಿಸಿದೆ.

"ವಕೀಲ್ರ, ನಾ ಕಂಡದ್ದು ಬರೀಬೇಕು. ಕಾಣದ್ದು ಬರಿಯಾಕ ನಾ ಏನ್ ಜೋತಿಷಿ ಏನ್ರಿ? ಮಂದಿ ಮಾತ್ರ ಭಾಳ ಒಳ್ಳೇರು," ಎಂದು ಅವರು ಜೀಪು ಹತ್ತಿದರು. ಓಣಿಯವರೆಲ್ಲ ನಿಂತು ಕೈಬೀಸಿದರು. ಗೆದ್ದೆವೆಂದೇ ಅವರು ತಿಳಿದಿದ್ದರು. ತಿಳಿಹೇಳುವ ಧೈರ್ಯ ನನಗೆ ಆ ದಿನ ಬರಲಿಲ್ಲ.

ನೀರು ಶುದ್ಧವಾಗಿದೆ, ಗಟಾರ ಸುಸ್ಥಿತಿಯಲ್ಲಿದೆ ಎಂದು ವರದಿ ಬಂತು. ಅರ್ಜಿ ವಜಾ ಆಯಿತು. ಮೊದಲ ಮಳೆಗೆ ಉಸುಕಿನ ಚೀಲಗಳು ಕೊಚ್ಚಿಹೋದವು. ಓಣಿಯವರು ಈಗಲೂ ಆ ಬಾವಿಯ ನೀರನ್ನೇ ಕುಡಿಯುತ್ತಾರೆ.