ಕೆಂಪಗೆ ಮಾಡ್ರಿ

ನಮ್ಮ ಕಡೆ ಬೆಳ್ಳಗಿರುವವರನ್ನು ಬೆಳ್ಳಗಿದ್ದಾರೆ ಎನ್ನುವುದು ಕಡಿಮೆ, ಕೆಂಪಗಿದ್ದಾರೆ ಎನ್ನುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೂ ದಾವಣಗೆರೆಯ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟಿಂಗ್‌ಗೆ ಸೇರಿದ ಮೊದಲ ವಾರವೇ ಅದರಿಂದ ಮಂಗಳಾರತಿ ಮಾಡಿಸಿಕೊಂಡೆ. ಮದುಮಗಳ ತಾಯಿ "ನಮ್ ಹುಡುಗಿನ ಸ್ವಲ್ಪ ಕೆಂಪಗೆ ಮಾಡ್ರಿ" ಎಂದು ಹೇಳಿಹೋಗಿದ್ದರು. ಹೊಸ ಕೆಲಸದ ಹುರುಪಿನಲ್ಲಿ ನಾನು ಕೆಂಪು ಬಣ್ಣವನ್ನೇ ಏರಿಸಿಬಿಟ್ಟೆ. ಆಕೆ ಬಂದು ನೋಡಿ, "ಏನವ್ವ ಇದು, ತಾಳಿ ಕಟ್ಟೋ ಹೊತ್ನಾಗ ಹುಡುಗಿಗೆ ಜ್ವರ ಬಂದಂಗೈತಲ್ಲ" ಎಂದರು.

ಅಂದು ಸ್ಟುಡಿಯೋ ಮಾಲೀಕರು ಪರದೆಯ ಮೂಲೆಯಲ್ಲಿದ್ದ ಒಂದು ದುಂಡನೆಯ ನಕ್ಷೆ ತೋರಿಸಿದರು. ಅದರಲ್ಲಿ ಹಳದಿಗೂ ಕೆಂಪಿಗೂ ನಡುವೆ ಒಂದು ಓರೆ ಗೆರೆ. ಸ್ಟೇಜಿನ ನೇರಳೆ ಲೈಟು, ಅರಿಶಿಣದ ಹಳದಿ, ಎಲ್ಲವನ್ನೂ ಕಳೆದ ಮೇಲೆ ಮನುಷ್ಯರ ಚರ್ಮದ ಬಣ್ಣ ಆ ಗೆರೆಯ ಹತ್ತಿರ ಬಂದು ಕೂರಬೇಕು.

"ಕಪ್ಪಗಿರೋರ ಗೆರೆ ಯಾವ್ದು ಸರ್?" ಎಂದೆ.

"ಎಲ್ರಿಗೂ ಇದೊಂದೇ ಗೆರೆ ನೋಡವ್ವ. ಚರ್ಮದ ಕೆಳಗೆ ಹರಿಯೋದು ರಕ್ತ ತಾನೆ? ಕಪ್ಪು, ಕೆಂಪು ಅನ್ನೋದು ಬರೇ ಬೆಳಕಿನ ವಿಚಾರ. ಅದನ್ನ ಏರ್ಸಾಕ ಇಳ್ಸಾಕ ಬ್ಯಾರೆ ಕಡೆ ಐತೆ."

ಒಂದೇ ಗೆರೆಯಂತೆ! ಹರಿಹರದ ನಮ್ಮ ಮನೆಯಲ್ಲಿ ಎರಡಿದ್ದವು. ಅವ್ವ ಕೆಂಪು, ತಂಗಿ ಅವ್ವನಿಗಿಂತ ಒಂದು ಕೈ ಹೆಚ್ಚು. ಅಪ್ಪ ಕಪ್ಪು, ನಾನು ಅಪ್ಪನ ಅಚ್ಚು. ಹಬ್ಬಕ್ಕೆ ಬಟ್ಟೆ ತಂದರೆ ಗಿಣಿಹಸಿರು, ಗುಲಾಬಿ ತಂಗಿಗೆ. ನನಗೆ ಬಿಸ್ಕತ್ತಿನ ಬಣ್ಣ. "ನಿಂಗೆ ಇದೇ ಒಪ್ತೈತೆ" ಎಂದು ಅವ್ವ ಹೇಳುವಳು, ನಾನು ಆ ಬಿಸ್ಕತ್ತನ್ನು ಮೈಮೇಲೆ ಹಾಕಿಕೊಂಡು ಹಬ್ಬವೆಲ್ಲ ಕುದಿಯುತ್ತಿದ್ದೆ.

ನನಗಿದ್ದ ಆಸ್ತಿ ಒಂದೇ. ಅಪ್ಪ ನಮ್ಮಿಬ್ಬರನ್ನೂ ಸಂತೆಗೆ ಕರೆದೊಯ್ದರೆ ತರಕಾರಿಯವರು ನನ್ನ ಗಲ್ಲ ಹಿಡಿದು "ಇದು ನಿಮ್ದೇ ಬಿಡ್ರಿ, ಕೇಳೋದೇ ಬ್ಯಾಡ" ಎನ್ನುವರು. ತಂಗಿಯ ಕಡೆ ತಿರುಗಿ "ಈ ಕೂಸು ಯಾರ್ದ್ರಿ?" ಎಂದು ಕೇಳುವರು. ಅವಳ ಮುಖ ಸಣ್ಣಗಾಗುತ್ತಿತ್ತು. ಅಂಥ ದಿನ ನಾನು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದೆ.

ನನ್ನ ಮದುವೆಯ ವಿಡಿಯೋ ಮಾಡಿದ ಪುಣ್ಯಾತ್ಮ ಯಾರೋ, ನಾನಿನ್ನೂ ಈ ಕೆಲಸಕ್ಕೆ ಬಂದಿರಲಿಲ್ಲ. ನನ್ನ ಮುಖವನ್ನಷ್ಟೇ ಬೆಳಗಿಸಿ ಕೈಗಳನ್ನು ಮರೆತಿದ್ದ. ಮುಖ ಮೈದಾ, ಕೈ ರಾಗಿ. ಅವ್ವ ಮಾತ್ರ ಅದನ್ನು ಬಂದವರಿಗೆಲ್ಲ ಹಾಕಿ ತೋರಿಸಿದಳು.

ಎರಡು ವರ್ಷದ ಹಿಂದೆ ಹರಿಹರದಲ್ಲೇ ತಂಗಿಯ ಮದುವೆಯಾಯಿತು. ಮನೆಯಲ್ಲೇ ಎಡಿಟರ್ ಇರುವಾಗ ಬೇರೆಯವರೇಕೆ ಎಂದು ವಿಡಿಯೋ ನನ್ನ ಪಾಲಿಗೆ ಬಂತು. ಅವಳ ಮುಖವಿದ್ದ ಮೊದಲ ದೃಶ್ಯ ತೆರೆದೆ. ನಾನು ಏನೂ ಮುಟ್ಟುವ ಮೊದಲೇ ಬಣ್ಣ ಗೆರೆಯ ಮೇಲೆ ಹೋಗಿ ಕೂತಿತ್ತು. ಹಿಂದೆ ಹಾಯುತ್ತಿದ್ದ ಮಾಲೀಕರು ನಿಂತು, "ಇಂಥ ಮುಖ ಬಂದ್ರೆ ನಮ್ಗೆ ಕೆಲ್ಸಾನೇ ಇಲ್ಲ ನೋಡವ್ವ" ಎಂದರು.

ಹೊಟ್ಟೆ ಉರಿಯಿತು. ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ. ಅವಳ ಮುಖದ ಸುತ್ತ ಒಂದು ದುಂಡು ಎಳೆದು ಬೆಳಕನ್ನು ತುಸು ಇಳಿಸಿದೆ. ಆಮೇಲೆ ಇನ್ನೂ ತುಸು. ನನ್ನ ವಿಡಿಯೋದ ಪಾಠ ಮರೆತಿರಲಿಲ್ಲ, ಕತ್ತು, ಕೈಗಳಿಗೂ ಅಷ್ಟೇ ಇಳಿಸಿದೆ. ಗೆರೆ ಎಲ್ಲೂ ತಪ್ಪಲಿಲ್ಲ, ಯಾರೂ ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನಾಲ್ಕು ದಿನ ಕೂತು ಇಡೀ ಮದುವೆಯಲ್ಲಿ ತಂಗಿಯನ್ನು ನನ್ನ ಬಣ್ಣಕ್ಕೆ ತಂದೆ. ಒಂದು ಸಲ, ಒಂದೇ ಒಂದು ಸಲ, ಅವಳನ್ನು ನೋಡಿ ಯಾರೂ ಬೆರಗಾಗಿ ಬಾಯಿ ಬಿಡಬಾರದು, ಅಷ್ಟೇ ಬೇಕಿತ್ತು.

ಭಾನುವಾರ ಪೆನ್‌ಡ್ರೈವ್ ಹಿಡಿದು ಬಸ್ ಹತ್ತಿ ಹರಿಹರಕ್ಕೆ ಹೋದೆ. ತಂಗಿ ತವರಿಗೆ ಬಂದಿದ್ದಳು, ಕೊಕ್ಕನೂರಿನಿಂದ ಸೋದರತ್ತೆಯೂ ಬಂದಿದ್ದರು. ಟಿವಿಗೆ ಹಾಕಿದ ಐದು ನಿಮಿಷಕ್ಕೆ ಅತ್ತೆ ಶುರುಮಾಡಿದರು.

"ಅಯ್ಯ, ಯಾಕ ಕೂಸು ಬಿಸಿಲಿಗೆ ಕಂದಿದಂಗೈತೆ?"

"ಸ್ಟೇಜಿನ ಲೈಟು ಸರಿ ಇರ್ಲಿಲ್ಲ ಅತ್ತೆ" ಎಂದೆ. ಬಸ್ಸಿನಲ್ಲೇ ಬಾಯಿಪಾಠ ಮಾಡಿದ್ದ ಮಾತು.

ಅಪ್ಪ ತಂಗಿಯ ಕೈಯನ್ನು ಅಳಿಯನ ಕೈಯಲ್ಲಿ ಇಡುವ ದೃಶ್ಯ ಬಂದಾಗ ಅವಳು ಎದ್ದು ಟಿವಿಯ ಹತ್ತಿರ ಹೋಗಿ ಅದನ್ನು ನಿಲ್ಲಿಸಿದಳು. ಸಿಕ್ಕಿಬಿದ್ದೆ ಅಂದುಕೊಂಡೆ.

"ಅಕ್ಕ, ನಾನು ಅಪ್ಪನಂಗೆ ಕಾಣ್ತೀನಿ" ಎಂದಳು. "ಅಪ್ಪ, ಇಲ್ಲಿ ಬಾ, ನೋಡಿಲ್ಲಿ."

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. "ಹೌದಲ್ಲೇ. ಮೂಗು ನಂದೇ. ಇಷ್ಟ್ ದಿನ ಎಲ್ಲಿತ್ತು ಇದು?"

ತಂಗಿ ಫೋನಿನಲ್ಲಿ ಟಿವಿಯ ಫೋಟೋ ತೆಗೆದುಕೊಂಡಳು. ಆಮೇಲೆ ಬಂದು ನನ್ನ ಕೈ ಹಿಡಿದಳು. "ಸಂತ್ಯಾಗ ಎಲ್ರೂ ಯಾರ ಕೂಸು ಅಂತಿದ್ರಲ್ಲ, ನಿಂಗೆ ನೆನಪೈತಲ್ಲ? ನೀನು ಬೇಕಂತ್ಲೇ ಹಿಂಗೆ ಮಾಡೀಯ, ಹೌದಿಲ್ಲೋ? ಏನೂ ಮುಟ್ಟಬ್ಯಾಡ, ಹಿಂಗೇ ಇರ್ಲಿ."

"ಹೂಂ, ಬೇಕಂತ್ಲೇ ಮಾಡಿದ್ದು" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ದಾವಣಗೆರೆಗೆ ಮರಳುವ ಬಸ್ಸಿನಲ್ಲಿ ಆದ ಸಂಕಟ ತಂಗಿಯ ಗಿಣಿಹಸಿರು ಲಂಗ ನೋಡಿದಾಗಲೂ ಆಗಿರಲಿಲ್ಲ. ಎಲ್ಲವೂ ಅವಳಿಗೇ ಇತ್ತು, ನನಗಿದ್ದದ್ದು ಅಪ್ಪನ ಮುಖವೊಂದೇ. ಅದನ್ನೂ ನಾಲ್ಕು ದಿನ ಕಷ್ಟಪಟ್ಟು, ಗೆರೆ ತಪ್ಪದಂತೆ, ನನ್ನ ಕೈಯಾರೆ ಅವಳಿಗೆ ಕೊಟ್ಟು ಬಂದಿದ್ದೆ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದೆಂದರೆ ಇದು.

ಸೋಮವಾರ ಸ್ಟುಡಿಯೋಗೆ ಹೋದವಳೇ ಎಳೆದ ದುಂಡುಗಳನ್ನೆಲ್ಲ ಅಳಿಸಿದೆ. ತಂಗಿ ಮತ್ತೆ ಕೆಂಪಗಾದಳು. ಹೊಸ ಪ್ರತಿ ನೋಡಿ ಅವ್ವ, ಅತ್ತೆ ಹಿಗ್ಗಿದರು. ತಂಗಿ ಫೋನಿನಲ್ಲಿ "ಆತು ಬಿಡಕ್ಕ" ಎಂದಷ್ಟೇ ಹೇಳಿದಳು.

ಅಂದು ತೆಗೆದ ಫೋಟೋವನ್ನು ಅವಳು ವಾಟ್ಸಾಪಿಗೆ ಹಾಕಿಕೊಂಡಿದ್ದಾಳೆ, ಇವತ್ತಿಗೂ ಬದಲಾಯಿಸಿಲ್ಲ. ಮೊನ್ನೆ ಅವಳು ವಾಟ್ಸಾಪಿನಲ್ಲೇ ಫೋನ್ ಮಾಡಿದಾಗ ಪಕ್ಕದಲ್ಲಿದ್ದ ಮಾಲೀಕರು ಪರದೆಯತ್ತ ಬಗ್ಗಿ ನೋಡಿದರು.

"ನಿಮ್ಮಪ್ಪಾರ ಜತಿಗೆ ನೀನೇನವ್ವ ಇದು?"

"ಅಲ್ಲ ಸರ್" ಎಂದೆ. "ಅವ್ರ ಮಗಳು."