ಓಬಳಮ್ಮ ಅಳೆದುಕೊಟ್ಟ ಹೆಂಡ

ಓಬಳಮ್ಮ ತಾನೇ ಗಂಡನಿಗೆ ಹೆಂಡ ಕುಡಿಸುತ್ತಾಳೆಂದು ಶಿಡ್ಲಘಟ್ಟದ ಆ ಬೀದಿಯೆಲ್ಲ ಬಾಯಿ ಬಡಿದುಕೊಂಡಿತು. ಬಡಿದುಕೊಳ್ಳಲಿ ಎಂದು ಅವಳು ಅಳೆದು ಕೊಡುತ್ತಲೇ ಇದ್ದಳು. ಮುದ್ದೆ ಉಂಡ ಮೇಲೆ ಎರಡು ಲೋಟ ಈಚಲ ಹೆಂಡ, ಮನೆಯಲ್ಲೇ, ಅವಳ ಕಣ್ಣೆದುರಿಗೇ. ಇದು ಅವಳ ಕಟ್ಟಳೆ. ಅದಕ್ಕೆ ಮೊದಲು ಗಂಡ ಗಂಗುಲಪ್ಪ, ಬಡಗಿಗಳು ಮರಕ್ಕೆ ಬಳಿಯುವ ಪಾಲಿಷ್ ಸ್ಪಿರಿಟ್ಟಿಗೆ ನೀರು ಬೆರೆಸಿ ಕುಡಿದು ಚರಂಡಿಯಲ್ಲಿ ಬೀಳುತ್ತಿದ್ದ. ಒಮ್ಮೆ ಮೂರು ದಿನ ಕಣ್ಣೇ ಕಾಣಿಸಲಿಲ್ಲ. ಕಟ್ಟಳೆಯಾದ ಮೇಲೆ ಎರಡು ವರ್ಷ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆದ. ಕೈ ನಡುಗಿ ಒಂದು ಎಳೆಯೂ ತುಂಡಾದದ್ದಿಲ್ಲ.

ಇದನ್ನು ಬೀದಿಯ ದೊಡ್ಡವರಿಗೆ ಸಹಿಸಲಾಗಲಿಲ್ಲ. ಪಾನನಿರೋಧದ ಭಾಷಣ ಜೋರಾಗಿದ್ದ ಕಾಲ. ಬೀದಿಯ ಸಮಿತಿಗೆ ಯಜಮಾನರಾಗಿದ್ದ ವೆಂಕಟರವಣಪ್ಪನವರು ಬಿಳಿ ಟೋಪಿ ಹಾಕಿಕೊಂಡು ನಾಲ್ಕು ಜನರೊಡನೆ ಬಂದರು.

"ಏನಮ್ಮ, ಹೆಂಡ್ತಿಯಾದೋಳು ಮಾಡೋ ಕೆಲ್ಸಾನಾ ಇದು?"

"ಬಿಡಿಸೋಕೆ ನನ್ ಕೈಲಿ ಆಗ್ಲಿಲ್ಲ ಸ್ವಾಮಿ. ಸಾಯದಂಗೆ ನೋಡ್ಕೊಳ್ತಿದೀನಿ."

"ನಾವ್ ಬಿಡಿಸ್ತೀವಿ, ಒಂದೇ ಗಳಿಗೇಲಿ."

"ಒಂದ್ ಗಳಿಗೇಲಿ ಕೋಳಿ ಪುಕ್ಕ ಕೀಳೋಕೂ ಆಗಲ್ಲ ಸ್ವಾಮಿ."

ಬಿಡಿಸಿದರು. ಆಂಜನೇಯನ ಗುಡಿಯಲ್ಲಿ ಉರಿಯುವ ಕರ್ಪೂರವನ್ನು ಅವನ ಅಂಗೈಯಿಂದಲೇ ಆರಿಸಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದರು. ಆ ಆಣೆ ಮುರಿದರೆ ಮನೆ ಹಾಳಾಗುತ್ತದೆಂದು ನಂಬಿದ್ದವನು ಗಂಗುಲಪ್ಪ. ಜನ ಚಪ್ಪಾಳೆ ತಟ್ಟಿದರು. ಆಣೆ ಮಾಡಿಸಿದವರು ಊಟಕ್ಕೆ ಹೋದರು.

ಮಾರನೆಯ ದಿನವೇ ಹೆಂಡವಿಲ್ಲದೆ ಅವನ ಕೈ ನಡುಗಿತು, ಮೈ ಬೆವರಿತು. ಓಬಳಮ್ಮ ಲೋಟ ಹಿಡಿದಳು.

"ಅರ್ಧ ಕುಡಿ. ಪಾಪ ಬಂದ್ರೆ ನನ್ಗೇ ಬರ್ಲಿ."

"ಬೇಡ ಕಣೇ. ಈ ಮನೇಲಿ ಕುಡುದ್ರೆ ನಿನ್ಗೂ ಮಕ್ಳಿಗೂ ತಟ್ಟುತ್ತೆ."

ಐದನೆಯ ದಿನ ಊರಾಚೆಯ ಹಿಪ್ಪುನೇರಳೆ ತೋಟದಲ್ಲಿ ಒಬ್ಬನೇ ಕೂತು ಸ್ಪಿರಿಟ್ಟು ಕುಡಿದ. ದೂರ ಹೋಗಿ ಕುಡಿದರೆ ಆಣೆ ತನಗೊಬ್ಬನಿಗೇ ತಟ್ಟೀತು ಎಂದುಕೊಂಡನೋ ಏನೋ. ಯಾರೂ ನೋಡಬಾರದೆಂದು ಹೋದವನನ್ನು ಯಾರೂ ನೋಡಲಿಲ್ಲ. ಸಿಕ್ಕಾಗ ಮೈ ತಣ್ಣಗಾಗಿತ್ತು.

ಹನ್ನೊಂದನೆಯ ದಿನದ ತಿಥಿಯೂಟಕ್ಕೆ ಬಂದ ವೆಂಕಟರವಣಪ್ಪನವರು ಎಲೆ ಮುಂದೆ ಕೂತು ಹೇಳಿದರು: "ಹಣೆಬರಹ ಕಣಮ್ಮ. ಆದ್ರೂ ನಿನ್ ಮನೇಲಿ ಹೆಂಡ ನಿಂತೋಯ್ತಲ್ಲ, ಅಷ್ಟು ಸಾಕು."

ಮೂಲೆಯಲ್ಲಿ ಕೂತಿದ್ದ ಓಬಳಮ್ಮ ತಲೆಯೆತ್ತಿದಳು.

"ಹೂಂ ಸ್ವಾಮಿ. ಉಸ್ರೂ ನಿಂತೋಯ್ತು. ಪಾಯಸ ಇನ್ನೊಂದ್ ಸೌಟು ಹಾಕಿಸ್ಕೊಳ್ಳಿ."

ಅವರು ಎಲೆ ಮಡಿಸಿ ಎದ್ದರು. ನಾಚಿಕೆಯಿಂದಲ್ಲ. ಇನ್ನೊಂದು ಮನೆಗೆ ಹೋಗುವುದಿತ್ತು.

ಆ ಮನೆಯ ಮುನಿಶಾಮಮ್ಮ ಮರುದಿನ ಓಡಿ ಬಂದಳು.

"ಅಕ್ಕ, ಶನಿವಾರ ನನ್ ಗಂಡನ್ ಕೈಲಿ ಕರ್ಪೂರ ಆರಿಸ್ತಾರಂತೆ. ಏನ್ ಮಾಡ್ಲಿ?"

"ಶುಕ್ರವಾರಾನೇ ಅವ್ನ ಕರ್ಕೊಂಡು ಚಿಂತಾಮಣಿಗೆ, ನಿನ್ ತವರಿಗೆ ಹೋಗು. ಉಣ್ಣಾಕಿಕ್ಕಿ ಆಮೇಲೆ ಹೆಂಡ ಅಳ್ದು ಕೊಡು. ವಾರಕ್ಕಿಷ್ಟು ಕಮ್ಮಿ ಮಾಡು. ಒಬ್ನೇ ಕೂತು ಕುಡಿಯಾಕೆ ಬಿಡ್ಬೇಡ."

"ಜನ ಏನಂತಾರಕ್ಕ?"

"ನನ್ಗೇನಂದ್ರೋ ಅದೇ ಅಂತಾರೆ. ಕೇಳಿಸ್ಕೊಳ್ಳಾಕೆ ನಿನ್ ಗಂಡನೂ ಪಕ್ದಲ್ಲಿರ್ತಾನೆ, ಹೋಗು."